ಅವರು ತೀರಿಕೊಂಡ ಊರು

ನನ್ನ ಗಂಡ ತೀರಿಕೊಂಡ ಊರನ್ನು ನಾನು ನೋಡಿದ್ದು ಅವರು ಹೋಗಿ ಎರಡು ವರ್ಷವಾದ ಮೇಲೆ. ಇಂಗ್ಲೆಂಡಿನ ದಕ್ಷಿಣ ದಂಡೆಯ ಹಳೆಯ ಊರು ಅದು. ಒಂದು ಕಾಲಕ್ಕೆ ಲಂಡನ್ನಿನ ಜನ ಬೇಸಿಗೆ ಬಂತೆಂದರೆ ಮಕ್ಕಳುಮರಿ ಕಟ್ಟಿಕೊಂಡು, ರೈಲು ತುಂಬಿ, ಸಮುದ್ರದ ಗಾಳಿ ಕುಡಿಯಲು ಅಲ್ಲಿಗೆ ಬರುತ್ತಿದ್ದರಂತೆ. ನಾವು ಹೋದದ್ದು ಮಾರ್ಚ್ ತಿಂಗಳಲ್ಲಿ. ನಮ್ಮ ಡಬ್ಬಿಯಿಂದ ಇಳಿದವರು ನಾನು, ನನ್ನ ಮಗಳು, ಮತ್ತೆ ಊರುಗೋಲು ಹಿಡಿದಿದ್ದ ಒಬ್ಬ ಮುದುಕ. ಅಷ್ಟೇ.

ನಮ್ಮವರು ಹುಬ್ಬಳ್ಳಿಯವರು, ನಾನು ಧಾರವಾಡದವಳು. ಮದುವೆಯಾದ ಮೇಲೆ ಮೆಲ್ಬರ್ನಿಗೆ ಬಂದೆವು. ಮೊದಲ ವರ್ಷಗಳೆಲ್ಲ ಡ್ಯಾಂಡಿನಾಂಗ್‌ನಲ್ಲಿ, ಮಾರ್ಕೆಟ್ಟಿನ ಹಿಂದಿನ ಓಣಿಯ ಒಂದು ರೆಂಟಿನ ಮನೆಯಲ್ಲಿ. ಎಂಜಿನಿಯರ್ ಆಗಿದ್ದವರು ಅಲ್ಲಿ ವೇರ್‌ಹೌಸಿನಲ್ಲಿ ಡಬ್ಬ ಎತ್ತಿಟ್ಟರು, ಆಮೇಲೆ ರೈಲ್ವೆ ಸಿಗ್ನಲ್ಲಿನ ಕೆಲಸ ಸಿಕ್ಕಿತು. ಮಗಳು ಹುಟ್ಟಿದ್ದು, ಶಾಲೆಗೆ ಹೋದದ್ದು ಅಲ್ಲೇ. ಅವಳು ಹೈಸ್ಕೂಲಿನಲ್ಲಿದ್ದಾಗ ಸಿಡ್ನಿಗೆ ವರ್ಗವಾಗಿ ಸ್ಕೋಫೀಲ್ಡ್ಸ್‌ನಲ್ಲಿ ಮನೆ ಕಟ್ಟಿಸಿದೆವು. ಆಗಿನ್ನೂ ಆ ಸಬರ್ಬ್ ಅರ್ಧ ಬಯಲು. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಇಟ್ಟಿಗೆ ರಾಶಿಗಳೇ ಹೆಚ್ಚು. ಸಮುದ್ರ ನೋಡಬೇಕೆಂದರೆ ಊಟ ಕಟ್ಟಿಕೊಂಡು ಹೊರಡುವಷ್ಟು ದೂರ. ನಾನು ರೌಸ್ ಹಿಲ್‌ನ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದೆ. ಮಗಳು ಡಿಗ್ರಿಗೆಂದು ವಾಪಸ್ ಮೆಲ್ಬರ್ನಿಗೇ ಹೋದಳು, ಮತ್ತೆ ಡ್ಯಾಂಡಿನಾಂಗ್‌ನಲ್ಲೇ ಗೆಳತಿಯರ ಜೊತೆ ರೂಮು ಮಾಡಿದಳು.

ಆ ವರ್ಷ ಅವರ ಕಂಪನಿ ಅವರನ್ನು ತರಬೇತಿಗೆಂದು ಕೆಲವು ತಿಂಗಳು ಲಂಡನ್ನಿಗೆ ಕಳಿಸಿತ್ತು. ದಿನಾ ಫೋನು ಮಾಡುತ್ತಿದ್ದರು. ಕಡೆಯ ಸಲ ಮಾತಾಡಿದ್ದು ಒಂದು ಭಾನುವಾರ. ಅವರಿಗೆ ಬೆಳಗು, ನನಗೆ ಸಂಜೆ.

"ಇವತ್ತ ಎಲ್ಲೂ ಹೋಗೂದಿಲ್ಲ. ಊಟಾ ಮಾಡೂದು, ಮಲಗೂದು, ಮುಗೀತು" ಅಂದರು.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡಲು ಯೂನಿಫಾರ್ಮ್ ಹಾಕಿಕೊಳ್ಳುತ್ತಿದ್ದಾಗ ಇಬ್ಬರು ಪೊಲೀಸರು ಬಾಗಿಲಿಗೆ ಬಂದರು. ಒಬ್ಬಳು ಹೆಂಗಸು. ಅವಳೇ ನನ್ನನ್ನು ಸೋಫಾದ ಮೇಲೆ ಕೂರಿಸಿ ಹೇಳಿದಳು. ಮೆದುಳಿಗೆ ಸ್ಟ್ರೋಕ್ ಆಗಿರಬೇಕು, ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಆಮೇಲೆ ಒಂದು ಊರಿನ ಹೆಸರು ಹೇಳಿದಳು. ನಾನು ಎಂದೂ ಕೇಳಿರದ ಹೆಸರು. ಇಂಥ ಹೊತ್ತಿನಲ್ಲಿ ಬೇರೆಯವರು ಏನು ಕೇಳುತ್ತಾರೋ ಗೊತ್ತಿಲ್ಲ, ನಾನು ಮಾತ್ರ "ಅಲ್ಲಿಗೆ ಯಾಕೆ ಹೋದರು?" ಅಂತ ಕೇಳಿದೆ. ಅವಳಿಗೆ ಹೇಗೆ ಗೊತ್ತಿರಬೇಕು? ಹೋಗುವಾಗ ಒಂದು ಫೋನ್ ನಂಬರ್ ಕೊಟ್ಟಳು. ಕಡೆಯ ಗಳಿಗೆಯಲ್ಲಿ ಅವರ ಜೊತೆ ಒಬ್ಬ ಹೆಂಗಸು ಇದ್ದರಂತೆ. ಮನೆಯವರು ಮಾತಾಡುವುದಾದರೆ ಮಾತಾಡಲಿ ಎಂದು ನಂಬರ್ ಬಿಟ್ಟಿದ್ದರಂತೆ.

ಕಂಪನಿಯವರೇ ಎಲ್ಲ ವ್ಯವಸ್ಥೆ ಮಾಡಿ ಅವರನ್ನು ಸಿಡ್ನಿಗೆ ಕಳಿಸಿಕೊಟ್ಟರು. ಕ್ರಿಯೆ ಮುಗಿಯಿತು, ಬಂದವರು ಹೋದರು. ನಾನು ಆ ನಂಬರಿಗೆ ಫೋನು ಮಾಡಲಿಲ್ಲ. ಜೊತೆಗಿದ್ದ ಹೆಂಗಸು ಅಂದರೆ ಯಾರು? ಮಲಗುತ್ತೇನೆ ಅಂದವರು ರೈಲು ಹತ್ತಿ ಸಮುದ್ರದ ದಂಡೆಗೆ ಯಾಕೆ ಹೋದರು? ಈ ಮಾತನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಮುದುಕರ ಹಾಸಿಗೆ ಬದಲಿಸುವಾಗ, ಟ್ರಾಫಿಕ್ಕಿನಲ್ಲಿ ನಿಂತಾಗ, ಅದೊಂದೇ ತಲೆಯಲ್ಲಿ ಗುಂಯ್‌ಗುಡುತ್ತಿತ್ತು.

ಎರಡನೆಯ ವರ್ಷ ಮಗಳ ಗೆಳತಿಯೊಬ್ಬಳು ಫೋನು ಮಾಡಿ, "ಆಂಟಿ, ನೀವು ಒಮ್ಮೆ ಬಂದು ಹೋಗಿ" ಅಂದಳು. ಹೋದೆ. ಮಗಳು ಕ್ಲಾಸಿಗೆ ಹೋಗುವುದನ್ನು ಬಿಟ್ಟು ಎಷ್ಟೋ ವಾರಗಳಾಗಿದ್ದವು. ಕಿಟಕಿಗೆ ಕಂಬಳಿ ಹೊಚ್ಚಿಕೊಂಡು, ಹಗಲೆಲ್ಲ ಹಾಸಿಗೆಯಲ್ಲಿ. ತಲೆ ಬಾಚಿರಲಿಲ್ಲ. ನಾನು ಅನ್ನ ಸಾರು ಮಾಡಿ ತಟ್ಟೆ ಕೈಗೆ ಕೊಟ್ಟೆ. ಎರಡು ತುತ್ತು ತಿಂದು ಗೋಡೆ ನೋಡುತ್ತ ಕೂತಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವತ್ತೂ ಇಂಗ್ಲಿಷಿನಲ್ಲೇ ಹೇಳಿದಳು: "ಅಪ್ಪ ಎಲ್ಲಿ ಸತ್ತರು ಅಂತ ನಾನು ನೋಡಬೇಕು."

"ನೋಡಿ ಏನ ಮಾಡತೀ?"

"ಗೊತ್ತಿಲ್ಲ. ನೋಡಬೇಕು."

ಆ ರಾತ್ರಿ ಪರ್ಸಿನಲ್ಲಿ ಮಡಿಸಿಟ್ಟಿದ್ದ ಆ ನಂಬರು ತೆಗೆದೆ.

ಅವರು ತೀರಿಕೊಂಡ ಊರಿನ ರೈಲ್ವೆ ಸ್ಟೇಷನ್ನಿನಿಂದ ಸಮುದ್ರಕ್ಕೆ ಇಳಿಜಾರಾದ ಒಂದೇ ನೇರ ಬೀದಿ. ಕೊನೆಯಲ್ಲಿ ಬೂದುಬಣ್ಣದ ಸಮುದ್ರ ಗೋಡೆಯ ಹಾಗೆ ನಿಂತಿತ್ತು. ಬೀದಿಯ ಎರಡೂ ಬದಿಗೆ ಎತ್ತರೆತ್ತರದ ಹಳೆಯ ಕಟ್ಟಡಗಳು. ಮೇಲಂತಸ್ತುಗಳಲ್ಲಿ ಗಚ್ಚಿನ ಹೂಬಳ್ಳಿ, ಕಮಾನು, ಕಬ್ಬಿಣದ ಕುಸುರಿಯ ಬಾಲ್ಕನಿ. ಕೆಳಗೆ ನೋಡಿದರೆ ಹಳೇ ಬಟ್ಟೆ ಮಾರುವ ಧರ್ಮಾರ್ಥದ ಅಂಗಡಿಗಳು, ಕುದುರೆ ಜೂಜಿನ ಅಂಗಡಿ, ಹಲಗೆ ಬಡಿದು ಮುಚ್ಚಿದ ಬಾಗಿಲುಗಳು. ಒಂದು ದೊಡ್ಡ ಹೋಟೆಲಿನ ಹೆಸರಿನ ಅರ್ಧ ಅಕ್ಷರಗಳು ಉದುರಿಹೋಗಿದ್ದವು. ಅದರ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಮಲಗುವ ಚೀಲದೊಳಗೆ ಸೊಂಟದವರೆಗೆ ಇಳಿದು ಸಿಗರೇಟು ಸೇದುತ್ತಿದ್ದಳು. ಗಾಳಿ ಎದುರಿನಿಂದ ಬೀಸಿ, ಕಣ್ಣಲ್ಲಿ ನೀರು ತರಿಸುತ್ತಿತ್ತು.

ಮಗಳು ನನಗಿಂತ ಮುಂದೆ ಮುಂದೆ ನಡೆದಳು. ಅವಳ ಅಪ್ಪನೂ ಹಾಗೇ. ಜೊತೆಗೆ ವಾಕಿಂಗ್ ಅಂತ ಹೊರಟರೂ ನನಗೆ ಕಾಣುತ್ತಿದ್ದುದು ಅವರ ಬೆನ್ನು.

ನಂಬರು ಬಿಟ್ಟಿದ್ದ ಆ ಹೆಂಗಸು ಪಿಯರಿನ ಬಾಗಿಲಲ್ಲಿ ಕಾಯುತ್ತಿದ್ದರು. ಪಿಯರ್ ಅಂದರೆ ಕಬ್ಬಿಣದ ಕಾಲುಗಳ ಮೇಲೆ ಸಮುದ್ರದೊಳಕ್ಕೆ ಉದ್ದಕ್ಕೂ ಚಾಚಿದ ಹಲಗೆಯ ಕಟ್ಟೆ. ಹಡಗು ನಿಲ್ಲಲು ಕಟ್ಟಿದ್ದು, ಆಮೇಲೆ ಮೋಜಿನ ಜಾಗವಾದದ್ದು. ಆಕೆಗೆ ಎಪ್ಪತ್ತು ದಾಟಿತ್ತು. ಕುಳ್ಳಗೆ, ನೀಲಿ ರೇನ್‌ಕೋಟು, ಕೈಯಲ್ಲಿ ಒಂದು ಸಣ್ಣ ಬಿಳಿ ನಾಯಿಯ ಹಗ್ಗ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು.

"ಅವರು ನಿಮ್ಮ ಫೋಟೋ ತೋರಿಸಿದ್ದರು" ಅಂದರು.

ಎರಡು ವರ್ಷ ನಾನು ಮನಸ್ಸಿನಲ್ಲಿ ಎಳೆಎಳೆಯಾಗಿ ಚಿತ್ರ ಮಾಡಿಕೊಂಡಿದ್ದ ಹೆಂಗಸು ಬೇರೆ. ಆ ಚಿತ್ರದವಳ ಮೇಲಿನ ಸಿಟ್ಟು ಎಲ್ಲಿಡಬೇಕೋ ತಿಳಿಯದೆ ನಾನು ನಾಯಿಯ ತಲೆ ಸವರಿದೆ.

ಕೂಡಲೇ ಆ ವಿಷಯಕ್ಕೆ ಬರಲು ಆಕೆಗೆ ಧೈರ್ಯವಾಗಲಿಲ್ಲವೆಂದು ಕಾಣುತ್ತದೆ. ದಂಡೆಯುದ್ದಕ್ಕೂ ಅಗಲವಾದ ಕಲ್ಲುಹಾಸಿನ ರಸ್ತೆಯಿತ್ತು. ಅದರ ಮೇಲೆ ನಡೆಯುತ್ತ, ಊರು ತೋರಿಸುವ ಗೈಡ್‌ನಂತೆ ಮಾತಾಡತೊಡಗಿದರು. ಇಗೋ ಇಲ್ಲಿ ರಾಜಮನೆತನದವರು ಬಂದು ಇಳಿಯುತ್ತಿದ್ದರು. ಇದು ವಾದ್ಯದವರು ಕೂತು ನುಡಿಸುತ್ತಿದ್ದ ಮಂಟಪ, ನನ್ನ ತಾಯಿ ಇಲ್ಲಿ ಕುಣಿದವಳು. ಅಲ್ಲಿ ಕರ್ರಗೆ ಕಾಣುತ್ತದಲ್ಲ, ಅದು ನೃತ್ಯಶಾಲೆ, ಬೆಂಕಿ ಬಿದ್ದ ಮೇಲೆ ಯಾರೂ ಕಟ್ಟಿಸಲಿಲ್ಲ. ಆಕೆಯೂ ಗಂಡನೂ ಹಿಂದಿನ ಬೀದಿಯಲ್ಲಿ ವಸತಿಗೃಹ ನಡೆಸುತ್ತಿದ್ದರಂತೆ. ಬರುವ ಕುಟುಂಬಗಳು ಪ್ರತಿ ವರ್ಷ ಅವೇ, ಕೋಣೆಗಳೂ ಅವೇ. ಒಬ್ಬೊಬ್ಬರೇ ಮುದುಕರು ಸತ್ತರು, ಅವರ ಮಕ್ಕಳು ವಿಮಾನ ಹತ್ತಿ ಸ್ಪೇನಿಗೆ ಹೋದರು. ಗಂಡ ಸತ್ತ ಮೇಲೆ ಮನೆ ಮಾರಿ ಚಿಕ್ಕ ಫ್ಲ್ಯಾಟಿಗೆ ಬಂದರಂತೆ.

ಬಣ್ಣಬಣ್ಣದ ಮರದ ಗೂಡುಗಳ ಸಾಲು ಬಂತು. ಒಂದು ಕಾಲಕ್ಕೆ ಹೆಂಗಸರು ಬಟ್ಟೆ ಬದಲಿಸಲು ಇದ್ದವು. ಮಗಳು, "ಮೆಲ್ಬರ್ನಿನ ಬ್ರೈಟನ್‌ನಲ್ಲೂ ಇವು ಇವೆ" ಅಂದಳು. ಅದು ಅವಳು ಬೆಳಗಿನಿಂದ ಆಡಿದ ಮೊದಲ ಮಾತು. ಆಕೆಗೆ ಖುಷಿಯಾಗಿ, "ಹೌದೇ? ಇಲ್ಲಿಯ ನೆನಪಿಗೆ ಕಟ್ಟಿಕೊಂಡಿರಬೇಕು ಪಾಪ" ಅಂದರು. ಗೂಡುಗಳಿಗೆಲ್ಲ ಬೀಗ. ಕೆಳಗೆ ದಂಡೆಯಲ್ಲಿ ಮರಳಿಲ್ಲ, ಉರುಟು ಕಲ್ಲುಗಳು. ಅಲೆ ಹಿಂದೆ ಸರಿದಾಗಲೆಲ್ಲ ಕಲ್ಲುಗಳು ಒಂದಕ್ಕೊಂದು ತಿಕ್ಕಿ, ಯಾರೋ ಪಾತ್ರೆ ಎಳೆದ ಹಾಗೆ ಸದ್ದಾಗುತ್ತಿತ್ತು.

ರಸ್ತೆಯ ಪಕ್ಕಕ್ಕೆ ಉದ್ದಕ್ಕೂ ಬೆಂಚುಗಳು. ಪ್ರತಿ ಬೆಂಚಿನ ಬೆನ್ನಿಗೆ ಒಂದು ಹಿತ್ತಾಳೆ ಪಟ್ಟಿ, ಅದರಲ್ಲಿ ಸತ್ತವರ ಹೆಸರು. ಇವರಿಗೆ ಈ ನೋಟ ಬಹಳ ಇಷ್ಟವಾಗಿತ್ತು, ಅವರು ಇಲ್ಲಿ ಕೂರುತ್ತಿದ್ದರು ಅಂತ ಬರಹ. ಮಗಳು ನಿಂತು ನಿಂತು ಓದುತ್ತಿದ್ದಳು. ಹತ್ತಿರ ಹೋದಾಗ, "ಅಮ್ಮಾ, ಈಕೆ ಯಾವಾಗ ಹೇಳುತ್ತಾಳೆ?" ಎಂದು ಹಲ್ಲು ಕಚ್ಚಿ ಕೇಳಿದಳು.

"ಹೇಳತಾರ. ತಡಕೋ."

ಮುಂದೆ ಒಂದು ತಂಗುದಾಣ ಬಂತು. ಮೂರು ಬದಿ ಗಾಜು, ಹಸಿರು ಬಳಿದ ಕಬ್ಬಿಣದ ಕಂಬಗಳು, ಒಳಗೆ ಮರದ ಬೆಂಚು. ಗಾಳಿಗೆ ಮರೆಯಾಗಿ ಕೂತು ಸಮುದ್ರ ನೋಡಲಿ ಎಂದು ಹಿಂದಿನವರು ಕಟ್ಟಿಸಿದ್ದು. ಒಂದು ಗಾಜು ಒಡೆದು ಹಲಗೆ ಹೊಡೆದಿದ್ದರು. ಆಕೆ ನಿಂತರು.

"ಇಲ್ಲೇ" ಅಂದರು.

ನಾವು ಮೂವರೂ ಕೂತೆವು. ನಾನು ನಡುವೆ. ಏನಾದರೂ ಅನಿಸಬೇಕೆಂದು ಕಾದೆ. ಬೆಂಚಿನ ತಣ್ಣನೆಯ ಹಲಗೆ ಬಿಟ್ಟರೆ ಏನೂ ತಿಳಿಯಲಿಲ್ಲ.

ಆಕೆ ಹೇಳಿದರು. ಅವತ್ತೂ ಹೀಗೇ ಗಾಳಿ. ಅವರು ಇಲ್ಲಿ ಒಬ್ಬರೇ ಕೂತು ಕಾಗದದ ಪೊಟ್ಟಣದಲ್ಲಿ ಬಿಸಿ ಚಿಪ್ಸ್ ತಿನ್ನುತ್ತಿದ್ದರು. ನಾಯಿ ಹೋಗಿ ಅವರ ಕಾಲ ಮುಂದೆ ಕೂತಿತು. "ಇದಕ್ಕೊಂದು ಕೊಡಲೇ?" ಎಂದು ಕೇಳಿದರು. ಹಾಗೆ ಮಾತು ಶುರುವಾಯಿತು. ಸಿಡ್ನಿಯಿಂದ ಬಂದವರೆಂದು ತಿಳಿದು ಆಕೆ, ತನ್ನ ಅಣ್ಣ ಚಿಕ್ಕಂದಿನಲ್ಲೇ ಆಸ್ಟ್ರೇಲಿಯಾಕ್ಕೆ ಹೋದ ಕತೆ ಹೇಳಿದರು. ಅವರು ಫೋನು ತೆಗೆದು ಹೆಂಡತಿ, ಮಗಳ ಫೋಟೋ ತೋರಿಸಿದರು. ಮಗಳು ನನಗಿಂತ ಜಾಣೆ ಅಂದರಂತೆ.

"ಇಲ್ಲಿಗೆ ಯಾಕೆ ಬಂದೆ ಅಂತ ಏನಾದರೂ ಹೇಳಿದರೇ?" ಎಂದೆ. ಎರಡು ವರ್ಷ ಹೊತ್ತ ಪ್ರಶ್ನೆ.

"ಹೇಳಿದರು. ಹೆಂಡತಿಗೆ ದಿನವಿಡೀ ಮಲಗುತ್ತೇನೆ ಅಂದಿದ್ದೆ, ಆದರೆ ಭಾನುವಾರ ನಾನಿರುವ ಕಟ್ಟಡದಲ್ಲಿ ಒಂದು ಸದ್ದೂ ಇರುವುದಿಲ್ಲ, ಕೂರಲಾಗಲಿಲ್ಲ. ಸ್ಟೇಷನ್ನಿಗೆ ಹೋಗಿ ಮೊದಲು ಹೊರಡುವ ರೈಲು ಯಾವುದೋ ಅದನ್ನು ಹತ್ತಿದೆ ಅಂದರು. ಸಂಜೆ ಫೋನು ಮಾಡಿ ಸಮುದ್ರ ನೋಡಿದೆ ಅಂತ ಹೇಳುತ್ತೇನೆ ಅಂದರು."

ಇಷ್ಟೇ ಆಗಿತ್ತು. ಸದ್ದಿಲ್ಲದ ಕೋಣೆ, ಮೊದಲು ಬಂದ ರೈಲು. ನಾನು ಎರಡು ವರ್ಷ ಎಂಥೆಂಥ ಕತೆ ಕಟ್ಟಿದ್ದೆ! ಹಗುರಾಗಬೇಕಿತ್ತು. ಆಗಲಿಲ್ಲ, ಆ ಭಾನುವಾರದ ಕೋಣೆಯೇ ಕಣ್ಣ ಮುಂದೆ ನಿಂತಿತು.

ಆಕೆ ಮುಂದುವರಿಸಿದರು. ಅವರು ಖಾಲಿ ಕಾಗದ ಎಸೆಯಲೆಂದು ಎದ್ದರು. ಕೈಯಲ್ಲಿ ಹಿಡಿತ ನಿಲ್ಲಲಿಲ್ಲ, ಕಾಗದ ಗಾಳಿಗೆ ಹಾರಿಹೋಯಿತು. ಅದನ್ನು ನೋಡಿ ನಕ್ಕರು. ನಗು ಒಂದೇ ಕಡೆಗೆ ಬಂತು. ಆಮೇಲೆ ಬಿದ್ದರು. ಆಕೆ ಕೂಗಿಕೊಂಡಾಗ ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬಾತ ನಿಂತು ಆಂಬುಲೆನ್ಸಿಗೆ ಫೋನು ಮಾಡಿದ. ಆಕೆ ನೆಲದ ಮೇಲೆ ಕೂತು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಹೇಳುತ್ತ ಹೇಳುತ್ತ ಆಕೆ ಕೈಚೀಲದಿಂದ ಒಂದು ಬಾಟಲಿ, ಒಂದು ಮಡಿಚುವ ಬಟ್ಟಲು ತೆಗೆದರು. ಬಟ್ಟಲಿಗೆ ನೀರು ಸುರಿದು ನಾಯಿಯ ಮುಂದೆ ಇಟ್ಟರು. ದಿನಾ ಮಾಡುವ ಕೆಲಸ, ಕೈ ತಾನಾಗಿ ಮಾಡುತ್ತಿತ್ತು. ನಾಯಿ ಲಪಲಪ ಕುಡಿಯಿತು.

"ಮಾತು ತೊದಲುತ್ತಿತ್ತು" ಅಂದರು. "ಒಂದು ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ನಿಯರ್, ನಿಯರ್ ಅಂತಿದ್ದರು. ಹತ್ತಿರ, ಹತ್ತಿರ ಅಂತ. ಆಂಬುಲೆನ್ಸಿನ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡೆ. ಹೌದಪ್ಪಾ, ಹತ್ತಿರ ಬಂತು, ತೀರಾ ಹತ್ತಿರ ಬಂತು ಅಂತ ಹೇಳುತ್ತಲೇ ಇದ್ದೆ. ಅದು ಬಂದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಅವರು ಅದನ್ನೇ ಅನ್ನುತ್ತಿದ್ದರು, ನಾನೂ ಅದನ್ನೇ ಅನ್ನುತ್ತಿದ್ದೆ."

ಆಕೆ ಆ ಮಾತನ್ನು ಅವರು ಹೇಳಿದಂತೆಯೇ ಹೇಳಿ ತೋರಿಸಿದರು. ನಾಲಗೆ ದಪ್ಪ ಮಾಡಿ, ಎಳೆದು.

"ನೀರ್. ನೀರ್."

ನನ್ನ ಪಕ್ಕದಲ್ಲಿ ಮಗಳ ಉಸಿರು ಒಮ್ಮೆಲೆ ನಿಂತದ್ದು ನನಗೆ ಗೊತ್ತಾಯಿತು. ಅವಳ ಕಡೆ ತಿರುಗಲಿಲ್ಲ. ನಾಯಿ ಬಟ್ಟಲಿನ ತಳ ನೆಕ್ಕುತ್ತಿತ್ತು.

"ಕೊನೆಗೊಮ್ಮೆ ನನ್ನನ್ನು ನೋಡಿದರು," ಆಕೆ ಅಂದರು, "ಸಿಟ್ಟು ಬಂದವರ ಹಾಗೆ. ಅಷ್ಟು ಒಳ್ಳೆಯ ಮನುಷ್ಯ. ನಾನೇನು ತಪ್ಪು ಮಾಡಿದೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ದಿನಾ ಇಲ್ಲಿಂದ ಹಾದುಹೋಗುವಾಗ ಕೇಳಿಕೊಳ್ಳುತ್ತೇನೆ." ನನ್ನ ಕಡೆ ತಿರುಗಿದರು. "ನಿಮ್ಮನ್ನೊಂದು ಕೇಳಲೇ? ಅದು ಇಂಗ್ಲಿಷೇ ಆಗಿತ್ತೇ? ನಿಮ್ಮ ಭಾಷೆಯಲ್ಲಿ ಆ ಮಾತಿಗೆ ಬೇರೇನಾದರೂ ಅರ್ಥ ಇದೆಯೇ?"

ಆಕೆಯ ಕೈಯಲ್ಲಿ ಬಾಟಲಿ ಇನ್ನೂ ಇತ್ತು. ಅರ್ಧ ತುಂಬಿತ್ತು.

"ಇಲ್ಲ" ಅಂದೆ. "ಅದು ಇಂಗ್ಲಿಷೇ. ನೀವು ಹತ್ತಿರ ಇರಬೇಕು ಅಂತ ಹೇಳಿರಬೇಕು ಅವರು. ನೀವು ಇದ್ದಿರಿ."

"ಹಾಗಾದರೆ ಆ ಸಿಟ್ಟು?"

"ಸಿಟ್ಟಲ್ಲ. ಸ್ಟ್ರೋಕ್ ಆದವರ ಮುಖ ಹಾಗೆ ಎಳೆದುಕೊಳ್ಳುತ್ತದೆ. ನಾನು ಕೆಲಸದಲ್ಲಿ ಎಷ್ಟೋ ಜನರನ್ನು ನೋಡಿದ್ದೇನೆ."

ಆಕೆ ಬಾಯಿಗೆ ಕೈ ಅಡ್ಡ ಹಿಡಿದು ಅತ್ತರು. ಎರಡು ವರ್ಷದಿಂದ ಹಿಡಿದಿಟ್ಟ ಅಳು ಎಂದು ನೋಡಿದರೆ ತಿಳಿಯುತ್ತಿತ್ತು. ನಾನು ಬೆನ್ನು ಸವರಿದೆ. ಮಗಳು ಎದ್ದು, ಮೆಟ್ಟಿಲಿಳಿದು, ಕಲ್ಲುಗಳ ಮೇಲೆ ನೀರಿನ ಅಂಚಿನವರೆಗೂ ಹೋಗಿ ನಮಗೆ ಬೆನ್ನು ಮಾಡಿ ನಿಂತಳು.

ನಾವು ಇಳಿದುಕೊಂಡಿದ್ದ ವಸತಿಗೃಹದ ಕೋಣೆಗೆ ಬಂದದ್ದು ಮಧ್ಯಾಹ್ನ. ಬಾಗಿಲು ಹಾಕಿದ ಕೂಡಲೇ ಮಗಳು ತಿರುಗಿ ನಿಂತಳು.

"ನೀನು ಅವಳಿಗೆ ಸುಳ್ಳು ಹೇಳಿದೆ."

"ಹೂಂ."

"ಅವಳ ಬ್ಯಾಗಿನಲ್ಲಿ ನೀರಿತ್ತು, ಅಮ್ಮಾ! ಅಪ್ಪ ನೀರು ಕೇಳುತ್ತಿದ್ದರು. ಅವಳು ಯೆಸ್, ಯೆಸ್ ಅಂತಿದ್ದಳು. ನಾಯಿಗೆ ಕೊಟ್ಟಿರುತ್ತಾಳೆ, ಅಪ್ಪನಿಗೆ ಕೊಡಲಿಲ್ಲ!"

"ಆಕಿಗೆ ಹೆಂಗ ಗೊತ್ತಾಗಬೇಕವಾ? ಅಪ್ಪಗೂ ಗೊತ್ತಿರಲಿಲ್ಲ ತಾನು ಯಾವ ಭಾಷಾದಾಗ ಕೇಳಾಕತ್ತೀನಿ ಅಂತ."

ಅದು ನಾನು ನನ್ನ ಕೆಲಸದಲ್ಲಿ ಕಂಡದ್ದು. ನಮ್ಮ ಆಶ್ರಮದಲ್ಲಿ ಒಬ್ಬ ಇಟಲಿಯ ಅಜ್ಜಿ ಇದ್ದಳು, ಐವತ್ತು ವರ್ಷ ಸಿಡ್ನಿಯಲ್ಲಿ ಅಂಗಡಿ ನಡೆಸಿದವಳು. ಸ್ಟ್ರೋಕ್ ಆದ ಮರುದಿನದಿಂದ ಒಂದು ಇಂಗ್ಲಿಷ್ ಮಾತೂ ಇಲ್ಲ. ಎಲ್ಲ ತಾಯಿಭಾಷೆಯಲ್ಲಿ. ನಾವು ತಿಳಿಯದೆ ದಿಂಬು ಕೊಟ್ಟರೆ, ಕಂಬಳಿ ಕೊಟ್ಟರೆ, ಆಕೆ ಸಿಟ್ಟಿನಿಂದ ತಳ್ಳುತ್ತಿದ್ದಳು. ನಮ್ಮ ಕಿವಿಗೇ ಏನೋ ಆಗಿದೆ ಅಂತ ಅವಳಿಗೆ. ಮಗಳಿಗೆ ಇದನ್ನೆಲ್ಲ ಹೇಳಿದೆ. ಇನ್ನೊಂದನ್ನೂ ಹೇಳಿದೆ. ಅಂಥ ಹೊತ್ತಿನಲ್ಲಿ ನೀರು ಕೊಡಬಾರದು, ಗಂಟಲು ನುಂಗುವುದನ್ನು ಮರೆತಿರುತ್ತದೆ, ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ನಾನೇ ಅಲ್ಲಿದ್ದರೂ ಕೊಡುತ್ತಿರಲಿಲ್ಲ.

"ಕೊಡುತ್ತಿರಲಿಲ್ಲವಾ?"

"ಇಲ್ಲ."

"ಆದರೆ ಯಾಕೆ ಅಂತ ಹೇಳುತ್ತಿದ್ದೆ. ಅವರ ಮಾತಿನಲ್ಲಿ ಹೇಳುತ್ತಿದ್ದೆ. ಬಟ್ಟೆ ಒದ್ದೆ ಮಾಡಿ ತುಟಿಗೆ ಹಚ್ಚುತ್ತಿದ್ದೆ." ಅವಳು ಕೋಟು ಬಿಚ್ಚಿ ಮಂಚದ ಮೇಲೆ ಎಸೆದಳು. "ಅಪ್ಪ ಹೋಗುವಾಗ, ಕೇಳಿದರೂ ಕೊಡುವವರಿಲ್ಲ ಅಂದುಕೊಂಡು ಹೋದರು."

ನಾನು ಮಂಚದ ಅಂಚಿಗೆ ಕೂತೆ. ಕಿಟಕಿಯ ಹೊರಗೆ ಹಂಚಿನ ಮೇಲೆ ಸಮುದ್ರಹಕ್ಕಿಯೊಂದು ಕಿರುಚುತ್ತಿತ್ತು. ಮಗಳ ಸಿಟ್ಟು ಆ ಮುದುಕಿಯ ಮೇಲೆ. ನನ್ನ ಸಿಟ್ಟು ಯಾರ ಮೇಲೆ ಅಂತ ನನಗೇ ತಿಳಿಯದು. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ದುಡಿದ, ಇಂಗ್ಲಿಷಿನಲ್ಲಿ ಮೀಟಿಂಗ್ ಮಾಡಿದ, ಕನಸಿನಲ್ಲೂ ಇಂಗ್ಲಿಷಿನಲ್ಲಿ ಬಡಬಡಿಸುತ್ತಿದ್ದ ಮನುಷ್ಯನನ್ನು ಆ ಭಾಷೆ ಬೇಕಾದ ಗಳಿಗೆಯಲ್ಲಿ ಕೈಬಿಟ್ಟಿತ್ತು.

"ನಾಳೆ ಹೋಗಿ ಅವಳಿಗೆ ಹೇಳುತ್ತೇನೆ" ಎಂದಳು ಮಗಳು. "ನಮಗೆ ಗೊತ್ತಿರುವುದು ಅವಳಿಗೂ ಗೊತ್ತಾಗಲಿ. ನಾವಿಬ್ಬರೇ ಯಾಕೆ ಹೊರಬೇಕು?"

"ಬ್ಯಾಡವಾ."

ಅವಳು ಗೋಡೆ ಕಡೆ ತಿರುಗಿ ಮಲಗಿದಳು.

ಮರುದಿನ ನಾನು ಎದ್ದಾಗ ಅವಳ ಹಾಸಿಗೆ ಖಾಲಿ. ಕೋಟು ಇರಲಿಲ್ಲ. ಫೋನು ಮಂಚದ ಪಕ್ಕದಲ್ಲೇ ಬಿದ್ದಿತ್ತು. ಡ್ಯಾಂಡಿನಾಂಗ್‌ನ ಆ ಕಂಬಳಿ ಹೊಚ್ಚಿದ ಕಿಟಕಿ ನೆನಪಾಯಿತು, ನಿನ್ನೆ ನೀರಿನ ಅಂಚಿಗೆ ನಿಂತಿದ್ದ ಅವಳ ಬೆನ್ನು ನೆನಪಾಯಿತು. ಚಪ್ಪಲಿ ಮೆಟ್ಟಿಕೊಂಡು ಹಾಗೇ ಓಡಿದೆ.

ಬೆಳಗಿನ ಆ ಊರು ಇನ್ನೂ ಖಾಲಿ. ಹಿಂದಿನ ದಿನ ಮೂವರೂ ನಿಧಾನವಾಗಿ ನಡೆದ ದಾರಿಯನ್ನೇ ಹಿಡಿದೆ. ಪಿಯರಿನ ಬಾಗಿಲಿಗೆ ಬೀಗ. ಜೂಜಿನ ಯಂತ್ರಗಳ ಕೋಣೆಯೊಳಗೆ ದೀಪಗಳು ತಾವಾಗಿ ಹತ್ತಿ ಆರುತ್ತಿದ್ದವು, ಒಳಗೆ ಯಾರೂ ಇಲ್ಲ. ವಾದ್ಯದ ಮಂಟಪ. ಬೀಗ ಹಾಕಿದ ಗೂಡುಗಳು. ಒಂದೊಂದು ಗೂಡಿನ ಹಿಂದೂ ಇಣುಕಿ ನೋಡಿದೆ. ಅಲೆಯ ಕಡೆ ನೋಡಲು ಭಯ, ನೋಡದೆ ಇರಲೂ ಭಯ. ನೀರಿನ ಮೇಲೆ ಏನೋ ಕಪ್ಪಗೆ ತೇಲಿದ್ದು ಕಂಡು ಕಲ್ಲುಗಳ ಮೇಲೆ ಇಳಿದು ಓಡಿದೆ. ಅದು ಬಲೆಯ ಬೆಂಡು. ಎದುರಿಗೆ ಬಂದ ಒಬ್ಬ ಕಸ ಗುಡಿಸುವವನನ್ನು ಇಂಗ್ಲಿಷಿನಲ್ಲಿ ಕೇಳಲು ಹೋದೆ, ಬಾಯಿಂದ ಬಂದದ್ದು "ನನ್ನ ಮಗಳು..." ಎಂದು. ಆತ ಏನೂ ತಿಳಿಯದೆ ತಲೆ ಅಲ್ಲಾಡಿಸಿದ.

ಅವಳು ತಂಗುದಾಣದಲ್ಲಿ ಇರಲಿಲ್ಲ. ಅದರಿಂದ ಆಚೆ, ರಸ್ತೆಯ ಎದುರು ಬದಿಯ ಒಂದು ಮುಚ್ಚಿದ ಹೋಟೆಲಿನ ಮೆಟ್ಟಿಲ ಮೇಲೆ, ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ನನ್ನನ್ನು ನೋಡಿಯೂ ಏಳಲಿಲ್ಲ. ಹೋಗಿ ಅವಳ ಕೆನ್ನೆಗೆ ಒಂದು ಕೊಡಬೇಕೆನಿಸಿತು. ಕೊಡಲಿಲ್ಲ. ಪಕ್ಕದಲ್ಲಿ ಕುಸಿದು ಕೂತೆ.

ಅವಳು ತಂಗುದಾಣದ ಕಡೆ ತೋರಿಸಿದಳು. "ಈಗ ತಾನೇ ಹೋದಳು."

"ಹೇಳಿದೀ?"

"ಹೇಳಲೆಂದೇ ಬಂದೆ. ಅವಳು ಬಂದಳು, ನಾಯಿಯನ್ನು ಕಂಬಕ್ಕೆ ಕಟ್ಟಿದಳು. ಚೀಲದಿಂದ ಬಟ್ಟೆ ತೆಗೆದು ಆ ಬೆಂಚು ಒರೆಸಿದಳು. ಪೂರ್ತಿ ಬೆಂಚು. ಆಮೇಲೆ ಅಲ್ಲೇ ಕೂತಳು." ಮಗಳು ಮೂಗು ಒರೆಸಿಕೊಂಡಳು. "ಅವಳ ಮುಖ ನಿನ್ನೆಯ ಹಾಗೆ ಇರಲಿಲ್ಲ, ಅಮ್ಮಾ. ಆರಾಮಾಗಿತ್ತು. ನಾನು ರಸ್ತೆ ದಾಟಲಿಲ್ಲ."

ಅವಳ ಕೈ ಹಿಡಿದೆ, ಮಂಜುಗಡ್ಡೆಯ ಹಾಗಿತ್ತು. ಬೆಳಗಾಗುವ ಮೊದಲಿನಿಂದಲೂ ಅಲ್ಲೇ ಕೂತಿದ್ದಳಂತೆ. ಇನ್ನೊಂದು ದಿನ ಇರುವ ಯೋಚನೆಯಿತ್ತು. ಬಿಟ್ಟು, ಮಧ್ಯಾಹ್ನದ ರೈಲಿಗೆ ಹೊರಟೆವು. ಆಕೆಗೆ ಫೋನಿನಲ್ಲೇ ಹೋಗಿಬರುತ್ತೇವೆ ಎಂದೆ. ಆಕೆ ನಾಲ್ಕು ಸಲ ಥ್ಯಾಂಕ್ಸ್ ಹೇಳಿದರು. ನನಗೆ ಒಂದೊಂದೂ ಚುಚ್ಚಿತು.

ಮಗಳು ಒಂದೇ ಸಲಕ್ಕೆ ಸರಿಹೋದಳು ಅಂತೇನಿಲ್ಲ. ಆ ವರ್ಷ ಕಾಲೇಜು ಪೂರ್ತಿ ತಪ್ಪಿತು. ಡಾಕ್ಟರು, ಮಾತ್ರೆ, ಸ್ಕೋಫೀಲ್ಡ್ಸ್‌ನ ಮನೆಯಲ್ಲಿ ನನ್ನ ಜೊತೆ ಕೆಲವು ತಿಂಗಳು. ಆಮೇಲೆ ಅವಳೇ ಮೆಲ್ಬರ್ನಿಗೆ ಹೋಗುತ್ತೇನೆ ಅಂದಳು. ಡಿಗ್ರಿ ಮುಗಿಸಿದಳು, ಕೆಲಸ ಹಿಡಿದಳು. ಆ ದಿನದ ಬಗ್ಗೆ ನಾವಿಬ್ಬರೂ ಮತ್ತೆ ಮಾತಾಡಲಿಲ್ಲ. ಮಾತಾಡದೇ ಇರಲು ಇಬ್ಬರೂ ಒಪ್ಪಿಕೊಂಡ ಹಾಗಿತ್ತು. ಆ ಊರಿನ ಆಕೆಗೆ ಮಾತ್ರ ನಾನು ಆಗಾಗ ಫೋನು ಮಾಡುತ್ತಿದ್ದೆ. ನಾಯಿಯ ಬಗ್ಗೆ, ಹವೆಯ ಬಗ್ಗೆ, ಸುಟ್ಟುಹೋದ ಅಥವಾ ಕೆಡವಲಿರುವ ಇನ್ನೊಂದು ಹೋಟೆಲಿನ ಬಗ್ಗೆ ಹೇಳುತ್ತಿದ್ದರು.

ಮಗಳು ಕೆಲಸ ಹಿಡಿದು ಎರಡು ವರ್ಷವಾದ ಮೇಲೆ ಒಂದು ಸಂಜೆ ಆಕೆಯ ನಂಬರಿನಿಂದ ಫೋನು ಬಂತು. ಎತ್ತಿದರೆ ಬೇರೆ ದನಿ, ಆಕೆಯ ತಂಗಿಯ ಮಗಳು. ಸೊಂಟ ಮುರಿದು ಆಸ್ಪತ್ರೆ ಸೇರಿದ್ದವರು ನ್ಯುಮೋನಿಯಾ ಆಗಿ ತೀರಿಕೊಂಡರು ಎಂದಳು. ಫೋನಿನಲ್ಲಿದ್ದ ಹೆಸರುಗಳಿಗೆಲ್ಲ ಒಂದೊಂದಾಗಿ ತಿಳಿಸುತ್ತಿದ್ದಳು.

ನಾನು ಆಗ ರೌಸ್ ಹಿಲ್‌ನಲ್ಲಿ ಶಿಫ್ಟ್ ಮುಗಿಸಿ ಕಾರಿನಲ್ಲಿ ಕೂತಿದ್ದೆ. ಅಲ್ಲಿಂದಲೇ ಮಗಳಿಗೆ ಫೋನು ಹಚ್ಚಿ ಹೇಳಿದೆ. ಅವಳು ರೈಲಿನಲ್ಲಿದ್ದಳು, ಹಿಂದೆ ಜನರ ಗದ್ದಲ.

"ಆ ಹೊತ್ತಿನಲ್ಲಿ ಅವಳ ಜೊತೆ ಯಾರಿದ್ದರು?" ಅಂದಳು.

"ಯಾರೂ ಇರಲಿಲ್ಲಂತ" ಅಂದೆ. "ಆಕಿ ತಂಗೀ ಮಗಳು ಮರುದಿನಾ ಮುಟ್ಟಿದಳಂತ. ನರ್ಸ್ ಬಂದು ನೋಡೂದರಾಗ ಹೋಗಿದ್ದರಂತ."

ಮಗಳು ಏನೋ ಹೇಳಲು ಹೋದಳು. ಅವಳು ಇಳಿಯುವ ಸ್ಟೇಷನ್ ಬಂತು, ಆಮೇಲೆ ಮಾಡುತ್ತೇನೆ ಅಂದಳು.